ಹಿಮ ಬೀಳುವ ಮೊದಲೇ ದುಡ್ಡು: ಅಮೆರಿಕದ ಸ್ಕೀ ಪಾಸ್ ಲೆಕ್ಕ

ಡೆನ್ವರ್‌ನಲ್ಲಿ ಮಾರ್ಚ್ ಬಂತೆಂದರೆ ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಯುಗಾದಿ ಊಟದ ಮಾತಿನ ನಡುವೆ ಇನ್ನೊಂದು ಪ್ರಶ್ನೆ ಏಳುತ್ತದೆ. "ಈ ಸಲ ಎಪಿಕ್ ತಗೋತೀರೋ, ಐಕಾನ್ ತಗೋತೀರೋ?" ಎರಡೂ ಸ್ಕೀಯಿಂಗ್ ಪಾಸ್‌ಗಳ ಹೆಸರು. ಬೆಟ್ಟದ ಮೇಲೆ ಈ ವರ್ಷದ ಹಿಮವೇ ಇನ್ನೂ ಕರಗಿರುವುದಿಲ್ಲ. ಆಗಲೇ ಮುಂದಿನ ಚಳಿಗಾಲಕ್ಕೆ ಸಾವಿರ ಡಾಲರ್ ಕಟ್ಟುವುದಾ ಬೇಡವಾ ಎಂಬ ಚರ್ಚೆ ಶುರು. ಹೊಸದಾಗಿ ಬಂದವರು ಪ್ರತಿ ವರ್ಷ ಕೇಳುವ ಪ್ರಶ್ನೆಯೂ ಒಂದೇ. ಒಂದು ದಿನದ ಟಿಕೆಟ್ ಮುನ್ನೂರು ಡಾಲರ್, ಇಡೀ ಸೀಸನ್ನಿನ ಪಾಸ್ ಸಾವಿರ ಡಾಲರ್. ಇದು ಯಾವ ಸೀಮೆಯ ಲೆಕ್ಕ?

ಬೆಲೆಪಟ್ಟಿಯನ್ನು ಎಷ್ಟು ನೋಡಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಬೆಟ್ಟಗಳು ಯಾರ ಕೈಯಿಂದ ಯಾರ ಕೈಗೆ ಹೋದವು ಎಂದು ನೋಡಿದರೆ ಸಿಗುತ್ತದೆ.

ಮೊದಲು ಸ್ಕೀ ರೆಸಾರ್ಟ್ ನಡೆಸುವವರ ಕಷ್ಟ ತಿಳಿಯೋಣ. ಅವರ ಖರ್ಚಿನ ಬಹುಪಾಲು ಜನ ಬರುವ ಮೊದಲೇ ಆಗಿರುತ್ತದೆ. ಬೆಟ್ಟದ ತುದಿಗೆ ಜನರನ್ನು ಒಯ್ಯುವ ಲಿಫ್ಟ್‌ಗೆ ಲಕ್ಷಗಟ್ಟಲೆ ಡಾಲರ್ ಸುರಿಯಬೇಕು. ಹಿಮ ಸಾಲದಿದ್ದರೆ ಯಂತ್ರದಿಂದ ಹಿಮ ಊದಿಸಬೇಕು. ಅದಕ್ಕೆ ನೀರು ಬೇಕು, ಕರೆಂಟು ಬೇಕು. ರಾತ್ರಿಯಿಡೀ ಇಳಿಜಾರನ್ನು ಹದ ಮಾಡುವವರು ಬೇಕು. ಯಾರಾದರೂ ಬಿದ್ದರೆ ಓಡಿಬರುವ, ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಹಿಮ ಕುಸಿಯುವ ಅಪಾಯ ಇದೆಯೇ ಎಂದು ನೋಡುವ ಸ್ಕೀ ಪ್ಯಾಟ್ರೋಲ್ (ಕಾವಲು) ತಂಡ ಬೇಕು. ನೂರು ಜನ ಬಂದರೂ ಲಿಫ್ಟ್ ಓಡಲೇಬೇಕು, ಹತ್ತು ಸಾವಿರ ಜನ ಬಂದರೂ ಅದೇ ಲಿಫ್ಟ್. ಹಾಗಾಗಿ ಒಬ್ಬರು ಜಾಸ್ತಿ ಬಂದರೆ ಆಗುವ ಖರ್ಚು ತೀರಾ ಕಡಿಮೆ. ಹಿಮ ಕೈಕೊಟ್ಟು ಜನ ಬಾರದಿದ್ದರೆ ಮಾತ್ರ ಹಾಕಿದ ದುಡ್ಡೆಲ್ಲ ನೀರುಪಾಲು.

ನಮ್ಮ ಮಲೆನಾಡಿನಲ್ಲಿ ಅಡಿಕೆ ತೋಟವನ್ನು ಚೇಣಿಗೆ ಕೊಡುವುದು ನಿಮಗೆ ಗೊತ್ತಲ್ವಾ? ಕೊಯ್ಲಿಗೆ ಮುಂಚೆಯೇ ಮರದ ಮೇಲಿನ ಫಸಲು ನೋಡಿ ಚೇಣಿದಾರ ಬೆಲೆ ಕಟ್ಟುತ್ತಾನೆ, ಮುಂಗಡ ಕೊಡುತ್ತಾನೆ. ಆಮೇಲೆ ಕಾಯಿ ಉದುರಿದರೂ, ಪೇಟೆಯಲ್ಲಿ ದರ ಇಳಿದರೂ ಆ ಚಿಂತೆ ಅವನದು. ತೋಟದವರು ಒಂದಿಷ್ಟು ಕಡಿಮೆ ದುಡ್ಡಿಗೆ ಒಪ್ಪಿ ನೆಮ್ಮದಿಯಾಗಿ ಇರುತ್ತಾರೆ. ಸೀಸನ್ ಪಾಸ್ ಕೂಡ ಹೀಗೇ. ಬೆಟ್ಟದ ಕಂಪನಿ ತೋಟದವರ ಜಾಗದಲ್ಲಿದೆ, ನಾವು ಚೇಣಿದಾರರ ಜಾಗದಲ್ಲಿದ್ದೇವೆ. ಮಾರ್ಚ್‌ನಿಂದ ಡಿಸೆಂಬರ್ ಮೊದಲ ವಾರದೊಳಗೆ ನಾವು ದುಡ್ಡು ಕಟ್ಟಿಬಿಡುತ್ತೇವೆ. ತಡ ಮಾಡಿದಷ್ಟೂ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆಮೇಲೆ ಹಿಮ ಬಿತ್ತೋ ಇಲ್ಲವೋ, ನಮಗೆ ರಜೆ ಸಿಕ್ಕಿತೋ ಇಲ್ಲವೋ, ಕಂಪನಿಯ ಪೆಟ್ಟಿಗೆ ತುಂಬಿರುತ್ತದೆ. ಪಾಸ್‌ನ ರಿಯಾಯಿತಿಯನ್ನು ಕಂಪನಿಯ ಔದಾರ್ಯ ಎಂದು ಬಹಳ ಜನ ತಿಳಿದಿದ್ದಾರೆ. ನಿಜಕ್ಕೂ ಅದು ಹಿಮದ ಭಯವನ್ನು ನಾವು ಹೊತ್ತುಕೊಂಡಿದ್ದಕ್ಕೆ ಸಿಗುವ ಕೂಲಿ.

ಈ ಉಪಾಯದ ಬಲ ಮೊದಲು ಕಂಡದ್ದು ಯಾವುದೋ ದೊಡ್ಡ ಕಂಪನಿಗಲ್ಲ. ಐಡಾಹೋ ರಾಜ್ಯದ ಬಾಯ್ಸಿ ನಗರದ ಪಕ್ಕ ಬೋಗಸ್ ಬೇಸಿನ್ ಎಂಬ ಬೆಟ್ಟವಿದೆ. ಲಾಭದ ಉದ್ದೇಶವಿಲ್ಲದ ಸಂಸ್ಥೆ ಅದನ್ನು ನಡೆಸುತ್ತದೆ. 1998ರಲ್ಲಿ ಅವರು ಸುಮಾರು 500 ಡಾಲರ್ ಇದ್ದ ಪಾಸನ್ನು ಒಮ್ಮೆಗೇ 199ಕ್ಕೆ ಇಳಿಸಿದರು. ಎರಡು ಮೂರು ಸಾವಿರ ಪಾಸ್ ಮಾರುತ್ತಿದ್ದ ಬೆಟ್ಟ ಸುಮಾರು 25 ಸಾವಿರ ಪಾಸ್ ಮಾರಿತು. ಅದೇ ಸುಮಾರಿಗೆ ನಮ್ಮ ಕೊಲೊರಾಡೋದಲ್ಲಿ ವಿಂಟರ್ ಪಾರ್ಕ್ ನಾಲ್ಕು ಜನ ಸೇರಿ ಕೊಂಡರೆ ತಲಾ 200 ಡಾಲರಿಗೆ ಪಾಸ್ ಕೊಡತೊಡಗಿತು. ಅಕ್ಕಪಕ್ಕದ ಬೆಟ್ಟಗಳೂ ಬೆಲೆ ಇಳಿಸದೆ ವಿಧಿಯಿರಲಿಲ್ಲ.

ಆ ಅಕ್ಕಪಕ್ಕದವರಲ್ಲಿ ಒಂದು ವೇಲ್ ರೆಸಾರ್ಟ್ಸ್. ಎರಡನೇ ಮಹಾಯುದ್ಧದಲ್ಲಿ ಬೆಟ್ಟದ ಪಡೆಯಲ್ಲಿದ್ದ ಸೈನಿಕ ಪೀಟ್ ಸೈಬರ್ಟ್ ಮತ್ತು ಆ ಕಡೆಯ ಬೆಟ್ಟಗಳನ್ನು ಚೆನ್ನಾಗಿ ಬಲ್ಲ ಅರ್ಲ್ ಈಟನ್ ಸೇರಿ ವೇಲ್ ಬೆಟ್ಟ ಕಟ್ಟಿದರು. 1962ರ ಡಿಸೆಂಬರಿನಲ್ಲಿ ಅದು ತೆರೆದಾಗ ದಿನದ ಟಿಕೆಟ್ 5 ಡಾಲರ್. ಮುಂದೆ ಅದು ಜಾರ್ಜ್ ಜಿಲೆಟ್ ಎಂಬ ಉದ್ಯಮಿಯ ಕೈಗೆ ಬಂತು. ಅವರ ಕಂಪನಿ ಸಾಲದಲ್ಲಿ ದಿವಾಳಿಯಾದಾಗ ಅಪೊಲೊ ಎಂಬ ಹೂಡಿಕೆ ಸಂಸ್ಥೆಯ ಹಿಡಿತಕ್ಕೆ ಹೋಯಿತು. 1997ರಲ್ಲಿ ನ್ಯೂಯಾರ್ಕ್ ಶೇರು ಪೇಟೆಗೆ ಬಂತು. ಅದೇ ವರ್ಷ ಪಕ್ಕದ ಬ್ರೆಕೆನ್‌ರಿಜ್ ಮತ್ತು ಕೀಸ್ಟೋನ್ ಬೆಟ್ಟಗಳನ್ನು ಕೊಂಡುಕೊಂಡಿತು.

ಆ ಖರೀದಿಯ ಜೊತೆ ಅರಾಪಹೋ ಬೇಸಿನ್ ಎಂಬ ಸಣ್ಣ, ಎತ್ತರದ ಬೆಟ್ಟವೂ ಬರಬೇಕಿತ್ತು. ಇಲ್ಲಿಯವರು ಪ್ರೀತಿಯಿಂದ ಎ-ಬೇಸಿನ್ ಎನ್ನುತ್ತಾರೆ. ಅಮೆರಿಕದ ನ್ಯಾಯ ಇಲಾಖೆ ಅಡ್ಡ ಬಂತು. ಡೆನ್ವರ್ ಸುತ್ತಮುತ್ತಲಿನ ಜನ ಹೋಗುವ ಬೆಟ್ಟಗಳಲ್ಲಿ ಇಷ್ಟೊಂದು ಒಂದೇ ಕಂಪನಿಯ ಕೈಗೆ ಹೋದರೆ ಬೆಲೆ ಏರುತ್ತದೆ, ಎ-ಬೇಸಿನ್ ಅನ್ನು ಬೇರೆಯವರಿಗೆ ಮಾರಿ ಎಂದಿತು. ಕೆನಡಾದ ಕಂಪನಿಯೊಂದು ಅದನ್ನು ಕೊಂಡಿತು. ಈ ಬೆಟ್ಟವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

2008ರ ಮಾರ್ಚ್‌ನಲ್ಲಿ ವೇಲ್ ಎಪಿಕ್ ಪಾಸ್ ತಂದಿತು. ಬೆಲೆ 579 ಡಾಲರ್. ವೇಲ್, ಬೀವರ್ ಕ್ರೀಕ್, ಬ್ರೆಕೆನ್‌ರಿಜ್, ಕೀಸ್ಟೋನ್, ಕ್ಯಾಲಿಫೋರ್ನಿಯಾ ಗಡಿಯ ಹೆವೆನ್ಲಿ, ಎಲ್ಲದಕ್ಕೂ ಒಂದೇ ಪಾಸ್. ಯಾವ ದಿನ ಬೇಕಾದರೂ ಹೋಗಬಹುದು. ಅದಕ್ಕೂ ಮೊದಲು ಹೀಗೆ ನಿರ್ಬಂಧವಿಲ್ಲದೆ ಹೋಗಲು ಸಾವಿರ ಡಾಲರಿಗೂ ಜಾಸ್ತಿ ಬೇಕಿತ್ತು. ಅದೇ ವರ್ಷ ಅಮೆರಿಕದ ಬ್ಯಾಂಕುಗಳು ಕುಸಿದವು, ಜನ ಪ್ರವಾಸ ಬಿಟ್ಟರು. ಪಾಸ್ ದುಡ್ಡು ಮೊದಲೇ ಕೈಸೇರಿದ್ದರಿಂದ ಕಂಪನಿಗೆ ಆಸರೆಯಾಯಿತು. ಆ ಪಾಠವನ್ನು ಅವರು ಮರೆಯಲಿಲ್ಲ.

ಇಲ್ಲಿಂದ ಖರೀದಿಯ ಅರ್ಥವೇ ಬದಲಾಯಿತು. ಒಂದು ಬೆಟ್ಟ ಕೊಂಡರೆ ಆ ಬೆಟ್ಟದ ಲಾಭ ಮಾತ್ರ ಬರುತ್ತಿತ್ತು. ಪಾಸ್ ಬಂದ ಮೇಲೆ, ಹೊಸ ಬೆಟ್ಟ ಸೇರಿದಷ್ಟೂ ಪಾಸ್‌ನ ಆಕರ್ಷಣೆ ಹೆಚ್ಚಾಗುತ್ತದೆ. ಪಾಸ್ ಮಾರಿದಷ್ಟೂ ಮುಂದಿನ ಬೆಟ್ಟ ಕೊಳ್ಳುವ ಶಕ್ತಿ ಬರುತ್ತದೆ. ಅಷ್ಟೇ ಅಲ್ಲ, ಕೊಲೊರಾಡೋದಲ್ಲಿ ಹಿಮ ಕಡಿಮೆಯಾದ ವರ್ಷ ಕೆನಡಾದಲ್ಲಿ ಚೆನ್ನಾಗಿ ಬಿದ್ದಿರಬಹುದು. ಎಲ್ಲ ಕಡೆ ಬೆಟ್ಟ ಇದ್ದವರಿಗೆ ಒಂದು ಕಡೆಯ ಬರ ಅಷ್ಟಾಗಿ ತಟ್ಟುವುದಿಲ್ಲ.

ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಅವರು ಕೊಂಡ ಗುಡ್ಡಗಳು. ಬೆಟ್ಟಗಳಲ್ಲ, ನಿಜವಾಗಿಯೂ ಗುಡ್ಡಗಳು. 2012ರಲ್ಲಿ ಮಿನಿಯಾಪೊಲಿಸ್ ಹತ್ತಿರದ ಆಫ್ಟನ್ ಆಲ್ಪ್ಸ್ ಮತ್ತು ಡೆಟ್ರಾಯ್ಟ್ ಹತ್ತಿರದ ಮೌಂಟ್ ಬ್ರೈಟನ್ ಎರಡನ್ನೂ ಸೇರಿಸಿ 2 ಕೋಟಿ ಡಾಲರಿಗೆ ಕೊಂಡರು. ಆಮೇಲೆ ಶಿಕಾಗೋ ಕಡೆಯ ವಿಲ್ಮಾಟ್. ಇವುಗಳ ಇಳಿಜಾರಿನ ಎತ್ತರ ಇನ್ನೂರು ಮುನ್ನೂರು ಅಡಿ ಅಷ್ಟೆ. ವೇಲ್‌ನದ್ದು 3400 ಅಡಿ ಮೀರುತ್ತದೆ. ಇಷ್ಟು ಸಣ್ಣದನ್ನು ಯಾಕೆ ಕೊಂಡರು? ಶಿಕಾಗೋದಲ್ಲಿರುವ ಒಂದು ಕುಟುಂಬ ವರ್ಷಕ್ಕೊಮ್ಮೆ ದೂರದ ದೊಡ್ಡ ಬೆಟ್ಟಕ್ಕೆ ಹೋಗುತ್ತದೆ ಅಂದುಕೊಳ್ಳಿ. ಬರೀ ನಾಲ್ಕು ದಿನಕ್ಕೆ ಸೀಸನ್ ಪಾಸ್ ಕೊಳ್ಳಲು ಮನಸ್ಸು ಬರುವುದಿಲ್ಲ. ಅದೇ ಪಾಸ್‌ನಲ್ಲಿ ಮನೆ ಹತ್ತಿರದ ಗುಡ್ಡಕ್ಕೂ ಸಂಜೆ ಹೊತ್ತು ಮಕ್ಕಳನ್ನು ಕರೆದೊಯ್ಯಬಹುದು ಎಂದರೆ ಕೊಳ್ಳುತ್ತಾರೆ. ಪಾಸ್ ಕೈಯಲ್ಲಿ ಇದ್ದ ಮೇಲೆ ರಜೆಗೆ ಹೋಗುವುದು ಎಲ್ಲಿಗೆ? ಆ ಪಾಸ್ ನಡೆಯುವ ಬೆಟ್ಟಕ್ಕೇ. ಅಲ್ಲಿ ಹೋಟೆಲು, ಊಟ, ಬಾಡಿಗೆ ಸ್ಕೀ, ತರಬೇತಿ ಎಲ್ಲದಕ್ಕೂ ಬೇರೆ ದುಡ್ಡು. ಊರ ಪಕ್ಕದ ಗುಡ್ಡ ದೂರದ ಬೆಟ್ಟಕ್ಕೆ ಗಿರಾಕಿ ಕಳಿಸುವ ಬಾಗಿಲಾಯಿತು.

ಇನ್ನು ದೊಡ್ಡ ಖರೀದಿಗಳು. 2016ರಲ್ಲಿ ಕೆನಡಾದ ವಿಸ್ಲರ್ ಬ್ಲ್ಯಾಕ್‌ಕೋಂಬ್, ಸುಮಾರು 110 ಕೋಟಿ ಅಮೆರಿಕನ್ ಡಾಲರಿಗೆ. 2017ರಲ್ಲಿ ವರ್ಮಾಂಟ್‌ನ ಸ್ಟೋ, ಒಂದು ವಿಮಾ ಕಂಪನಿಯಿಂದ. 2019ರಲ್ಲಿ ಪೀಕ್ ರೆಸಾರ್ಟ್ಸ್ ಎಂಬ ಕಂಪನಿಯನ್ನೇ ಕೊಂಡು ಒಂದೇ ಏಟಿಗೆ 17 ಬೆಟ್ಟ. ಆಸ್ಟ್ರೇಲಿಯಾದಲ್ಲಿ ಮೂರು, ಸ್ವಿಟ್ಜರ್ಲೆಂಡಿನಲ್ಲಿ ಎರಡು. ಈಗ ವೇಲ್ ಕೈಯಲ್ಲಿ ಒಟ್ಟು 42 ರೆಸಾರ್ಟ್‌ಗಳಿವೆ.

ಆದರೆ "ಕೈಯಲ್ಲಿ ಇವೆ" ಎಂದರೆ ಏನು? ಇಲ್ಲೇ ಬಹಳ ಜನ ತಪ್ಪು ತಿಳಿಯುವುದು. ಅಮೆರಿಕದ ಪಶ್ಚಿಮ ಭಾಗದ ಹೆಚ್ಚಿನ ದೊಡ್ಡ ಸ್ಕೀ ಬೆಟ್ಟಗಳ ನೆಲ ಕಂಪನಿಯದ್ದಲ್ಲ. ಅದು ರಾಷ್ಟ್ರೀಯ ಅರಣ್ಯ, ಅಂದರೆ ಸರ್ಕಾರದ ನೆಲ. ಅರಣ್ಯ ಸೇವೆ 40 ವರ್ಷದವರೆಗೆ ಪರವಾನಗಿ ಕೊಡುತ್ತದೆ, ಆದಾಯದಲ್ಲಿ ಒಂದು ಪಾಲನ್ನು ಶುಲ್ಕವಾಗಿ ಪಡೆಯುತ್ತದೆ. ವೇಲ್ ಬೆಟ್ಟವೂ ಹಾಗೇ, ವೈಟ್ ರಿವರ್ ರಾಷ್ಟ್ರೀಯ ಅರಣ್ಯದೊಳಗಿದೆ. ವಿಂಟರ್ ಪಾರ್ಕ್ ಡೆನ್ವರ್ ನಗರಕ್ಕೆ ಸೇರಿದ್ದು, ನಡೆಸುವವರು ಬೇರೆ. ಕ್ಯಾಲಿಫೋರ್ನಿಯಾದ ಟಾಹೋ ಸರೋವರದ ಹತ್ತಿರದ ನಾರ್ತ್‌ಸ್ಟಾರ್ ಅನ್ನು ವೇಲ್ ನಡೆಸುತ್ತದೆ, ಆಸ್ತಿಯ ಒಡೆತನ ಮಾತ್ರ ಇನ್ನೊಂದು ಹೂಡಿಕೆ ಸಂಸ್ಥೆಯದು. ನೆಲ ಒಬ್ಬರದು, ಲಿಫ್ಟ್ ಇನ್ನೊಬ್ಬರದು, ಪಾರ್ಕಿಂಗ್ ಮತ್ತೊಬ್ಬರದು ಆಗಿರಬಹುದು.

ಇದು ಎಷ್ಟು ಮುಖ್ಯ ಎಂಬುದಕ್ಕೆ ಯೂಟಾದ ಪಾರ್ಕ್ ಸಿಟಿಯ ಕತೆ ಕೇಳಿ. ಅಲ್ಲಿನ ಬೆಟ್ಟವನ್ನು ಪೌಡರ್ ಎಂಬ ಕಂಪನಿ ನಡೆಸುತ್ತಿತ್ತು. ಮೇಲಿನ ಇಳಿಜಾರುಗಳ ನೆಲ ಹಳೆಯ ಗಣಿ ಕಂಪನಿಯದ್ದು. ಅದರ ಹಕ್ಕು ಟ್ಯಾಲಿಸ್ಕರ್ ಎಂಬ ಕೆನಡಾ ಕಂಪನಿಗೆ ಬಂದಿತ್ತು. ಬಹಳ ಹಿಂದೆ ಬರೆದ ಗುತ್ತಿಗೆ, ವರ್ಷದ ಬಾಡಿಗೆ ಸುಮಾರು ಒಂದೂವರೆ ಲಕ್ಷ ಡಾಲರ್. ಅಷ್ಟು ದೊಡ್ಡ ಬೆಟ್ಟಕ್ಕೆ ಅದು ಏನೇನೂ ಅಲ್ಲ. 2011ರಲ್ಲಿ ಗುತ್ತಿಗೆ ಮುಂದುವರಿಸುತ್ತೇವೆ ಎಂದು ಒಂದು ಪತ್ರ ಕೊಡಬೇಕಿತ್ತು. ಆ ಪತ್ರ ಗಡುವಿನೊಳಗೆ ತಲುಪಲಿಲ್ಲ. ಅಷ್ಟೇ! ಟ್ಯಾಲಿಸ್ಕರ್ ಗುತ್ತಿಗೆ ಮುಗಿಯಿತು ಎಂದಿತು. 2013ರಲ್ಲಿ ಅದೇ ನೆಲದ ಹಕ್ಕಿನ ವಿಚಾರದಲ್ಲಿ ವೇಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಪಕ್ಕದ ಕ್ಯಾನಿಯನ್ಸ್ ಬೆಟ್ಟವೂ ವೇಲ್‌ಗೆ ಹೋಯಿತು. ಆಗ ಮೇಲಿನ ನೆಲ ವೇಲ್ ಕಡೆ, ಕೆಳಗಿನ ಪಾರ್ಕಿಂಗ್, ಕಟ್ಟಡಗಳು ಪೌಡರ್ ಕಡೆ. ಕೋರ್ಟು ಪೌಡರ್ ಪರ ನಿಲ್ಲಲಿಲ್ಲ. ಕೊನೆಗೆ 2014ರ ಸೆಪ್ಟೆಂಬರಿನಲ್ಲಿ 18.25 ಕೋಟಿ ಡಾಲರಿಗೆ ಉಳಿದದ್ದನ್ನೂ ವೇಲ್‌ಗೆ ಮಾರಿ ಪೌಡರ್ ಹೊರನಡೆಯಿತು. ವೇಲ್ ಎರಡು ಬೆಟ್ಟಗಳ ನಡುವೆ ಗೊಂಡೋಲ, ಅಂದರೆ ತಂತಿಯ ಮೇಲೆ ಓಡುವ ಡಬ್ಬಿಗಳನ್ನು ಹಾಕಿ ಒಂದು ಮಾಡಿತು. 7300 ಎಕರೆ. ಒಂದು ಊರಿನ ಬದುಕೇ ಒಂದು ತಡವಾದ ಪತ್ರದಿಂದ ಬದಲಾಯಿತು. ಪಾರ್ಕ್ ಸಿಟಿಯವರು ಇವತ್ತಿಗೂ ಇದನ್ನು ಹೇಳುವಾಗ ತಲೆ ಅಲ್ಲಾಡಿಸುತ್ತಾರೆ.

ಒಬ್ಬರೇ ಬೆಳೆಯುತ್ತಿದ್ದಾಗ ಉಳಿದವರು ಸುಮ್ನೆ ಕೂರಲಿಲ್ಲ. 2017ರಲ್ಲಿ ಕೆಎಸ್‌ಎಲ್ ಎಂಬ ಹೂಡಿಕೆ ಸಂಸ್ಥೆ ಮತ್ತು ಆಸ್ಪೆನ್ ಬೆಟ್ಟಗಳ ಒಡೆಯರಾದ ಕ್ರೌನ್ ಕುಟುಂಬ ಸೇರಿ ಆಲ್ಟೆರಾ ಎಂಬ ಕಂಪನಿ ಕಟ್ಟಿದರು. ಇಂಟ್ರಾವೆಸ್ಟ್ ಎಂಬ ರೆಸಾರ್ಟ್ ಕಂಪನಿ, ಮ್ಯಾಮತ್, ಡೀರ್ ವ್ಯಾಲಿ ಬೆಟ್ಟಗಳು ಎಲ್ಲ ಅದರೊಳಗೆ ಬಂದವು. 2018ರಲ್ಲಿ 899 ಡಾಲರಿಗೆ ಐಕಾನ್ ಪಾಸ್ ಬಂತು. ಒಂದು ವ್ಯತ್ಯಾಸ ಗಮನಿಸಿ. ಐಕಾನ್‌ನಲ್ಲಿರುವ ಬಹಳಷ್ಟು ಬೆಟ್ಟಗಳು ಆಲ್ಟೆರಾದ್ದಲ್ಲ. ಜಾಕ್ಸನ್ ಹೋಲ್, ಬಿಗ್ ಸ್ಕೈ ಮುಂತಾದವು ಪಾಲುದಾರರು. ಅಲ್ಲಿಗೆ ಇಂತಿಷ್ಟೇ ದಿನ ಎಂಬ ಮಿತಿ ಇರುತ್ತದೆ. ಹಾಗಾಗಿ ಪಾಸ್‌ನಲ್ಲಿ ಬೆಟ್ಟದ ಹೆಸರು ಕಂಡ ಕೂಡಲೇ ಸೀಸನ್ ಪೂರ್ತಿ ಹೋಗಬಹುದು ಎಂದುಕೊಳ್ಳಬೇಡಿ.

ಎ-ಬೇಸಿನ್ ಏನಾಯಿತು? ವೇಲ್ ಕೈಯಿಂದ ಹೊರಬಂದರೂ ಎರಡು ದಶಕ ಅದು ವೇಲ್‌ನ ಪಾಸ್‌ಗಳಲ್ಲೇ ಇತ್ತು. ಪಾಸ್ ಮಾರಾಟ ಹೆಚ್ಚಿದಂತೆ ಆ ಸಣ್ಣ ಬೆಟ್ಟದಲ್ಲಿ ಕಾರು ನಿಲ್ಲಿಸಲು ಜಾಗವೇ ಇಲ್ಲದಂತಾಯಿತು. 2019ರಲ್ಲಿ ಅವರು ಎಪಿಕ್ ಬಿಟ್ಟು ಹೊರಬಂದರು. ಜನ ಕಡಿಮೆಯಾಗಲಿ ಎಂದು ಒಂದು ವ್ಯಾಪಾರಸ್ಥ ಸಂಸ್ಥೆ ತೀರ್ಮಾನ ಮಾಡುವುದು ಎಷ್ಟು ಅಪರೂಪ ನೋಡಿ. ದಿನದ ಮಿತಿ ಇಟ್ಟುಕೊಂಡು ಐಕಾನ್ ಸೇರಿದರು. 2024ರಲ್ಲಿ ಆಲ್ಟೆರಾ ಅದನ್ನು ಕೊಂಡೇಬಿಟ್ಟಿತು. ಒಂದು ದೊಡ್ಡ ಕಂಪನಿಗೆ ಹೋಗಬಾರದು ಎಂದು ಸರ್ಕಾರ ಬಿಡಿಸಿದ ಬೆಟ್ಟ 27 ವರ್ಷದ ಮೇಲೆ ಇನ್ನೊಂದು ದೊಡ್ಡ ಕಂಪನಿಗೆ ಹೋಯಿತು.

ಈಗ ಬೆಲೆಗೆ ಬರೋಣ. ಎಪಿಕ್ ಪಾಸ್ 2020ರ ಚಳಿಗಾಲಕ್ಕೆ 979 ಡಾಲರ್ ಇತ್ತು. 2021ರಲ್ಲಿ ವೇಲ್ ಶೇಕಡಾ 20 ಇಳಿಸಿ 783 ಮಾಡಿತು. 20 ಲಕ್ಷಕ್ಕೂ ಹೆಚ್ಚು ಪಾಸ್ ಮಾರಾಟವಾದವು. ಆಮೇಲೆ ಏರುತ್ತಾ 841, 909, 982 ಆಗಿ, 2025-26ರ ಸೀಸನ್ನಿಗೆ 1051 ಡಾಲರಿನಿಂದ ಶುರುವಾಯಿತು. ಐಕಾನ್ ಅದೇ ಸೀಸನ್ನಿಗೆ 1329. ನೋಡಲು ದೊಡ್ಡ ಏರಿಕೆ. ಆದರೆ 2008ರ 579 ಡಾಲರನ್ನು ಹಣದುಬ್ಬರ ಸೇರಿಸಿ ಇಂದಿನ ದುಡ್ಡಿಗೆ ತಂದರೆ ಸುಮಾರು 860 ಆಗುತ್ತದೆ. ಬೆಟ್ಟಗಳ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಿದೆ. ಹಾಗಾಗಿ ಪಾಸ್ ಕೊಳ್ಳುವವರಿಗೆ ದೊಡ್ಡ ಅನ್ಯಾಯ ಆಗಿದೆ ಎಂದು ನಾನು ಹೇಳಲಾರೆ.

ಏಟು ಬಿದ್ದಿರುವುದು ದಿನದ ಟಿಕೆಟ್ ಕೊಳ್ಳುವವರಿಗೆ. 1962ರ 5 ಡಾಲರ್ ಇಂದಿನ ಲೆಕ್ಕಕ್ಕೆ 50ರ ಆಸುಪಾಸು. 2008ರಲ್ಲಿ ವೇಲ್‌ನ ಟಿಕೆಟ್ 100 ಡಾಲರಿನ ಹತ್ತಿರ ಇತ್ತು. ಈಗ ಜನಜಂಗುಳಿಯ ದಿನಗಳಲ್ಲಿ 300 ದಾಟಿದೆ. ಪಾಸ್ ಎರಡು ಪಟ್ಟೂ ಆಗದ ಕಾಲದಲ್ಲಿ ಟಿಕೆಟ್ ಮೂರು ಪಟ್ಟಾಯಿತು. ಇದು ಬೇಕೆಂದೇ ಮಾಡಿದ್ದು. ಟಿಕೆಟ್ ಎಷ್ಟು ದುಬಾರಿಯೋ ಪಾಸ್ ಅಷ್ಟು ಅಗ್ಗವಾಗಿ ಕಾಣುತ್ತದೆ, ನಾಲ್ಕು ದಿನ ಹೋದರೆ ಅಸಲು ಬಂತು ಅನಿಸುತ್ತದೆ. ವೇಲ್ ಬೆಟ್ಟಗಳಿಗೆ ಬರುವವರಲ್ಲಿ ಸುಮಾರು ಮುಕ್ಕಾಲು ಪಾಲು ಈಗ ಪಾಸ್‌ನವರೇ. ಉಳಿದ ಕಾಲು ಭಾಗದಲ್ಲಿ ಯಾರಿದ್ದಾರೆ? ಮೊದಲ ಸಲ ಹಿಮ ನೋಡಲು ಬಂದವರು. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದವರು. ಮಗುವಿಗೆ ಇಷ್ಟವಾಗುತ್ತೋ ಇಲ್ವೋ ನೋಡೋಣ ಎಂದು ಹೋದವರು. ಸ್ಕೀಯಿಂಗ್‌ಗೆ ಹೊಸಬರನ್ನು ತರಬೇಕಾದ ಬಾಗಿಲಿನಲ್ಲೇ ಇಷ್ಟು ದೊಡ್ಡ ಬೆಲೆ ಇಟ್ಟಿರುವುದು ನನಗೆ ನಿಜವಾಗಿ ಬೇಸರ ತರುತ್ತದೆ. ನಾಲ್ಕು ಜನರ ಕುಟುಂಬ ಬಾಡಿಗೆ ಸ್ಕೀ, ತರಬೇತಿ ಎಲ್ಲ ಸೇರಿಸಿದರೆ ಒಂದೇ ದಿನಕ್ಕೆ ಊರಿಗೆ ಹೋಗುವ ಒಂದು ವಿಮಾನ ಟಿಕೆಟ್‌ನಷ್ಟು ಖರ್ಚು ಮಾಡಬೇಕಾಗುತ್ತದೆ.

ಅಗ್ಗದ ಪಾಸ್‌ಗೂ ಬೇರೆ ರೀತಿಯ ಬೆಲೆ ಇದೆ. 2021-22ರಲ್ಲಿ ಪಾಸ್ ಭರ್ಜರಿಯಾಗಿ ಮಾರಾಟವಾಯಿತು, ಕೆಲಸದವರು ಸಿಗಲಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ವೇಲ್ ನಡೆಸುವ ಸ್ಟೀವನ್ಸ್ ಪಾಸ್ ಎಂಬ ಬೆಟ್ಟದಲ್ಲಿ ಹಿಮ ಇದ್ದರೂ ಹಲವು ಲಿಫ್ಟ್‌ಗಳು ನಿಂತಿದ್ದವು. ನಲವತ್ತು ಸಾವಿರಕ್ಕೂ ಹೆಚ್ಚು ಜನ ದೂರಿನ ಮನವಿಗೆ ಸಹಿ ಹಾಕಿದರು. 2024ರ ಡಿಸೆಂಬರ್ 27ರಂದು ಪಾರ್ಕ್ ಸಿಟಿಯ ಸ್ಕೀ ಪ್ಯಾಟ್ರೋಲ್‌ನವರು ಮುಷ್ಕರ ಹೂಡಿದರು. ಸುಮಾರು 200 ಜನ. ಗಂಟೆಗೆ 21 ಡಾಲರ್ ಇದ್ದ ಆರಂಭದ ಕೂಲಿ 23 ಆಗಬೇಕು ಎಂಬುದು ಮುಖ್ಯ ಬೇಡಿಕೆ. ಕ್ರಿಸ್‌ಮಸ್ ರಜೆಯ ತುಂಬಿದ ವಾರದಲ್ಲಿ ಬೆಟ್ಟದ ಸಣ್ಣ ಭಾಗವಷ್ಟೇ ತೆರೆದಿತ್ತು, ಸಾಲುಗಳು ಉದ್ದವಾದವು. ಜನವರಿ 8ಕ್ಕೆ ಒಪ್ಪಂದವಾಯಿತು. ಬೆಟ್ಟದ ಊರಿನಲ್ಲಿ ಮನೆ ಬಾಡಿಗೆ ಎಷ್ಟೆಂದು ಗೊತ್ತಿರುವ ಯಾರಿಗೂ ಎರಡು ಡಾಲರಿನ ಆ ಬೇಡಿಕೆ ಜಾಸ್ತಿ ಅನಿಸಲಾರದು. 2021ರ ಕೊನೆಗೆ 350 ಡಾಲರ್ ದಾಟಿದ್ದ ವೇಲ್ ಶೇರು 2025ರ ಹೊತ್ತಿಗೆ ಅರ್ಧಕ್ಕೂ ಕೆಳಗೆ ಬಿದ್ದಿತ್ತು. ಆ ವರ್ಷದ ಮೇ ತಿಂಗಳಲ್ಲಿ, ಎಪಿಕ್ ಪಾಸ್ ತಂದ ರಾಬ್ ಕಾಟ್ಜ್ ಅವರೇ ಮತ್ತೆ ಕಂಪನಿಯ ಮುಖ್ಯಸ್ಥರಾಗಿ ಬಂದರು.

ಎಲ್ಲ ಬೆಟ್ಟಗಳೂ ಇದೇ ದಾರಿ ಹಿಡಿದಿಲ್ಲ. ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ 1995ರಿಂದ ಸಹಕಾರ ಸಂಘದ ಒಡೆತನದಲ್ಲಿದೆ. ಸ್ಕೀ ಮಾಡುವವರೇ ಶೇರುದಾರರು, ಒಬ್ಬೊಬ್ಬರೇ ಕೂರುವ ಹಳೆಯ ಕಾಲದ ಕುರ್ಚಿ ಲಿಫ್ಟ್ ಇನ್ನೂ ಓಡುತ್ತಿದೆ. 2019ರಲ್ಲಿ ಬಂದ ಇಂಡಿ ಪಾಸ್ ಸಣ್ಣ ಸ್ವತಂತ್ರ ಬೆಟ್ಟಗಳಲ್ಲಿ ತಲಾ ಎರಡು ದಿನ ಕೊಡುತ್ತದೆ. ಪೂರ್ವ ಅಮೆರಿಕದ ಅತಿ ದೊಡ್ಡ ಸ್ಕೀ ಬೆಟ್ಟ ಕಿಲಿಂಗ್ಟನ್ ಅನ್ನು ಪೌಡರ್ ಕಂಪನಿ 2024ರಲ್ಲಿ ಮಾರಿದ್ದು ಅಲ್ಲೇ ಮನೆ ಮಾಡಿಕೊಂಡು, ಅಲ್ಲಿಯ ಪಾಸ್ ಇಟ್ಟುಕೊಂಡಿದ್ದ ಹೂಡಿಕೆದಾರರಿಗೆ.

ನಮ್ಮ ಹತ್ತಿರದ್ದು ಎಲ್ಡೋರಾ. ಬೌಲ್ಡರ್‌ನಿಂದ ಅಲ್ಲಿಗೆ ಸಾರ್ವಜನಿಕ ಬಸ್ಸೇ ಹೋಗುತ್ತದೆ. ನನ್ನ ಮಗಳು ಬಿದ್ದು ಎದ್ದು ಸ್ಕೀ ಕಲಿತದ್ದು ಅಲ್ಲಿ. ಅದನ್ನೂ ಪೌಡರ್ ಮಾರಾಟಕ್ಕೆ ಇಟ್ಟಿತು. ಯಾರು ಕೊಳ್ಳುತ್ತಾರೋ, ಪಾಸ್ ಏನಾಗುತ್ತದೋ ಎಂದು ನಾವೆಲ್ಲ ಕಾಯುತ್ತಿದ್ದಾಗ, 2025ರಲ್ಲಿ ಬೆಟ್ಟದ ಬುಡದ ನೆದರ್‌ಲ್ಯಾಂಡ್ ಎಂಬ ಪುಟ್ಟ ಊರು, ಸುಮಾರು 1500 ಜನ ಇರುವ ಊರು, ನಾವೇ ಕೊಳ್ಳುತ್ತೇವೆ ಎಂದು ಮುಂದೆ ಬಂತು. ಸಾಲಪತ್ರ ಹೊರಡಿಸಿ, ಬೆಟ್ಟದ ಆದಾಯದಿಂದಲೇ ಅದನ್ನು ತೀರಿಸುವ ಯೋಜನೆ ಅವರದು. ಸುದ್ದಿ ಓದಿದ ದಿನ ಮಗಳು ಕೇಳಿದಳು, "ಹಾಗಾದ್ರೆ ಅಪ್ಪ, ಲಿಫ್ಟ್ ಹತ್ರ ಟಿಕೆಟ್ ನೋಡೋ ಆಂಟಿ ಊರಿನವರೇ ಅಲ್ವಾ, ಇನ್ಮೇಲೆ ಬೆಟ್ಟ ಅವರದ್ದೂ ಆಗುತ್ತಾ?" ಯೋಜನೆ ನಡೆದರೆ ಹೌದು, ಅವರದ್ದೂ ಆಗುತ್ತದೆ ಎಂದೆ.